ನಾಲ್ಕನೇ ಹಂತದ ಸ್ತನ ಕ್ಯಾನ್ಸರ್: ರೋಗಿಯ ಫೈಲ್ ಓದುವುದು ಹೇಗೆ?

ನಾಲ್ಕನೇ ಹಂತ ಅಂದರೆ ಸ್ತನದಿಂದ ದೂರದ ಅಂಗಗಳಿಗೆ ಹಬ್ಬಿದ ಕ್ಯಾನ್ಸರ್. ಹಂತ ಒಂದೇ, ವಯಸ್ಸೂ ಒಂದೇ. ಆದರೂ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ, ಇನ್ನೊಬ್ಬರು ಆರೇಳು ವರ್ಷ ಬದುಕುತ್ತಾರೆ. ಈ ವ್ಯತ್ಯಾಸದಲ್ಲಿ ಗಡ್ಡೆಯ ಪಾಲು ರಿಪೋರ್ಟಿನಲ್ಲಿ ಅಚ್ಚಾಗಿರುತ್ತದೆ. ಮನೆಯ ಪಾಲನ್ನು ಯಾರೂ ಬರೆದಿಡುವುದಿಲ್ಲ. ಎರಡನ್ನೂ ನೋಡಬೇಕು, ಕ್ರಮ ಇಲ್ಲಿದೆ.

ಮೊದಲು ಬಯಾಪ್ಸಿ ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್2 ಎಂಬ ಮೂರು ಸಾಲು ಹುಡುಕಿ. ಮೊದಲೆರಡು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳ ಗ್ರಾಹಕಗಳು, ಮೂರನೆಯದು ಗಡ್ಡೆಯ ಬೆಳವಣಿಗೆಗೆ ಪ್ರಚೋದಿಸುವ ಪ್ರೋಟೀನ್. ಚಿಕಿತ್ಸೆಯ ದಾರಿ ಕವಲೊಡೆಯುವುದೇ ಇಲ್ಲಿ. ಶೇ 1ರಷ್ಟು ಜೀವಕೋಶಗಳು ಬಣ್ಣ ಹಿಡಿದರೂ ಇಆರ್ ಪಾಸಿಟಿವ್. ಹರ್2ಗೆ 0ಯಿಂದ 3 ಪ್ಲಸ್‌ವರೆಗೆ ಅಂಕ. 3 ಪ್ಲಸ್ ಅಂದರೆ ಪಾಸಿಟಿವ್. 2 ಪ್ಲಸ್ ಎಂದಿದ್ದರೆ ಉತ್ತರ ಇನ್ನೂ ಸಿಕ್ಕಿಲ್ಲ, ಹರ್2 ಜೀನಿನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಆಗಲೇಬೇಕು. ಅದನ್ನು ಮಾಡಿಸದೆ ಬಿಟ್ಟರೆ ಸರಿಯಾದ ಔಷಧವೇ ಕೈತಪ್ಪಬಹುದು.

ಹಳೆಯ ಕ್ಯಾನ್ಸರ್ ಮರಳಿದ್ದರೆ ಹಳೆಯ ರಿಪೋರ್ಟನ್ನೇ ನಂಬಿ ಕೂರಬೇಡಿ. ಹೊಸ ಜಾಗದ ಗಡ್ಡೆಯಲ್ಲಿ ಈ ಗುರುತುಗಳು ಬದಲಾಗಿರಬಹುದು, ಸಾಧ್ಯವಿದ್ದಲ್ಲಿ ಮತ್ತೆ ಬಯಾಪ್ಸಿ ಆಗಬೇಕು. ಮೂಳೆಯ ತುಣುಕಾದರೆ ಇನ್ನೊಂದು ತೊಡಕು: ಅದನ್ನು ಮೆದುವಾಗಿಸಲು ಪ್ರಬಲ ಆಮ್ಲ ಬಳಸಿದರೆ ಗುರುತುಗಳು ಅಳಿಸಿಹೋಗಿ ಫಲಿತಾಂಶ ಸುಳ್ಳು ನೆಗೆಟಿವ್ ಬರಬಹುದು.

ಗುರುತು ತಿಳಿದರೆ ಅಂಕಿಗಳಿಗೂ ಅರ್ಥ ಬರುತ್ತದೆ. ಇಆರ್ ಪಾಸಿಟಿವ್, ಹರ್2 ನೆಗೆಟಿವ್ ಇದ್ದ, ಮುಟ್ಟು ನಿಂತ ಮಹಿಳೆಯರ ಮೇಲಿನ ಒಂದು ದೊಡ್ಡ ಪ್ರಯೋಗದಲ್ಲಿ ಈಸ್ಟ್ರೋಜನ್ ತಗ್ಗಿಸುವ ಲೆಟ್ರೋಜೋಲ್ ಮಾತ್ರ ಪಡೆದವರ ಸರಾಸರಿ ಬದುಕು 51.4 ತಿಂಗಳು, ಜೀವಕೋಶಗಳ ವಿಭಜನೆ ತಡೆಯುವ ರೈಬೋಸಿಕ್ಲಿಬ್ ಜೊತೆಗೂಡಿಸಿದಾಗ 63.9 ತಿಂಗಳು. ಹರ್2 ಪಾಸಿಟಿವ್ ಗುಂಪಿನಲ್ಲಿ ಹರ್2 ತಡೆಯುವ ಟ್ರಾಸ್ಟುಜುಮಾಬ್ ಮತ್ತು ಕೀಮೋ ಔಷಧ ಡೋಸಿಟಾಕ್ಸೆಲ್‌ಗೆ ಹರ್2 ತಡೆಯುವ ಇನ್ನೊಂದು ಔಷಧ ಪರ್ಟುಜುಮಾಬ್ ಸೇರಿಸಿದಾಗ ಅದು 40.8ರಿಂದ 56.5 ತಿಂಗಳಿಗೇರಿತು. ಮೂರೂ ನೆಗೆಟಿವ್ ಆದವರಲ್ಲಿ ಅವಧಿ ಕಡಿಮೆ, ಆದ್ದರಿಂದ ಯಾವ ಔಷಧ ಒಗ್ಗೀತೆಂದು ತಿಳಿಸುವ ಪಿಡಿ-ಎಲ್1 (ಗಡ್ಡೆಯ ಒಂದು ಪ್ರೋಟೀನ್) ಮತ್ತು ವಂಶವಾಹಿ ದೋಷ ಹುಡುಕುವ ಬಿಆರ್‌ಸಿಎ ಪರೀಕ್ಷೆ ತಡಮಾಡಬಾರದು. ಇಲ್ಲಿ ‘ಸರಾಸರಿ’ ಅಂದರೆ ನಡುಬಿಂದು: ಅರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದಾರೆ. ಅದನ್ನು ಗಡುವು ಎಂದು ಓದುವುದು ತಪ್ಪು.

ಎರಡನೆಯದು, ರೋಗ ಎಲ್ಲಿಗೆ ಹಬ್ಬಿದೆ, ಯಾವಾಗ ಮರಳಿದೆ. ಮೂಳೆಯಲ್ಲಷ್ಟೇ ಇದ್ದರೆ ಮುನ್ನೋಟ ಉತ್ತಮ, ಯಕೃತ್ತಿನಲ್ಲಿದ್ದರೆ ಕಠಿಣ, ಮಿದುಳಿನಲ್ಲಿದ್ದರೆ ಇನ್ನೂ ಕಠಿಣ. ಮೊದಲ ಚಿಕಿತ್ಸೆ ಮುಗಿದು ಬೇಗನೆ ಮರಳಿದ ರೋಗ ಔಷಧಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ಮೂರನೆಯದು ಇಕಾಗ್ ಅಂಕ, ಅಂದರೆ ರೋಗಿ ದಿನನಿತ್ಯ ಎಷ್ಟು ಓಡಾಡಬಲ್ಲರು ಎಂಬ ಅಳತೆ, 0ಯಿಂದ 4. ಓಡಾಡಿಕೊಂಡಿದ್ದರೆ 0 ಅಥವಾ 1, ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಹಾಸಿಗೆ ಅಥವಾ ಕುರ್ಚಿಯಲ್ಲೇ ಇದ್ದರೆ 3. ಅಂಕ ಏರಿದಷ್ಟೂ ಚಿಕಿತ್ಸೆಯ ಆಯ್ಕೆಗಳು ಕುಗ್ಗುತ್ತವೆ. ಆದರೆ ಮಲಗಿಸಿರುವುದು ಕ್ಯಾನ್ಸರೇ ಎಂದು ಮೊದಲೇ ತೀರ್ಮಾನಿಸಬೇಡಿ. ತಡೆಯಲಾಗದ ನೋವು, ರಕ್ತಹೀನತೆ, ಪುಪ್ಪುಸದ ಸುತ್ತ ತುಂಬಿದ ನೀರು, ರಕ್ತದಲ್ಲಿ ಏರಿದ ಕ್ಯಾಲ್ಸಿಯಂ, ಇವೆಲ್ಲ ಸರಿಪಡಿಸಬಹುದಾದವು. ಸರಿಪಡಿಸಿ, ಮತ್ತೆ ಅಂಕ ಹಾಕಿಸಿ.

ಇನ್ನು ಮನೆಯ ಪಾಲು. ಒಂದು ಹಾಳೆ ತೆಗೆದು ಬರೆಯಿರಿ: ಆಸ್ಪತ್ರೆಗೆ ಯಾರು ಕರೆತರುತ್ತಾರೆ? ಆ ದಿನದ ದುಡಿಮೆ ಯಾರದ್ದು ತಪ್ಪುತ್ತದೆ? ಖರ್ಚಿನ ತೀರ್ಮಾನ ಯಾರದ್ದು? ಮಾತ್ರೆ ಎಣಿಸುವವರು ಯಾರು? ವಿವಾಹಿತ ರೋಗಿಗಳಲ್ಲಿ ಸಾವಿನ ಪ್ರಮಾಣ ಕಡಿಮೆ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ತಾಳಿಗೆ ಔಷಧದ ಗುಣವೇನೂ ಇಲ್ಲ. ಜ್ವರ ಬಂದದ್ದನ್ನು ಗಮನಿಸಿ ಕರೆದೊಯ್ಯುವ ಇನ್ನೊಬ್ಬರು ಮನೆಯಲ್ಲಿರುವುದೇ ಮುಖ್ಯ ಕಾರಣವಿರಬಹುದು. ಆ ಕೆಲಸವನ್ನು ಅಕ್ಕ, ಮಗ, ಗೆಳತಿ ಯಾರೂ ಮಾಡಬಹುದು. ಹೆಸರು ಮಾತ್ರ ನಿಗದಿಯಾಗಿರಬೇಕು.

ಮಾತ್ರೆ ತಪ್ಪುವುದು ಮರೆವಿನಿಂದ ಮಾತ್ರವಲ್ಲ, ಹಣ ಸಾಲದೆಯೂ ಹೌದು. ದಿನ ಬಿಟ್ಟು ದಿನ ನುಂಗಿ ಡಬ್ಬಿ ಹೆಚ್ಚು ಕಾಲ ಬರುವಂತೆ ಮಾಡುವವರು ವೈದ್ಯರಿಗೆ ಹೇಳುವುದೇ ಇಲ್ಲ. ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದಾಗ ಔಷಧ ಸೋತಿತೆಂದು ತಿಳಿದು ಅದನ್ನೇ ಬದಲಿಸಲಾಗುತ್ತದೆ. ಖರ್ಚಿನ ಮಾತನ್ನು ಮೊದಲ ಚೀಟಿ ಬರೆಯುವಾಗಲೇ ಎತ್ತಿ. ಉಳಿಸಲು ದಾರಿಗಳಿವೆ: ಮೂಳೆಗೆ ಕೊಡುವ 4 ಮಿಲಿಗ್ರಾಂ ಜೋಲೆಡ್ರಾನಿಕ್ ಆಮ್ಲವನ್ನು 4 ವಾರದ ಬದಲು 12 ವಾರಕ್ಕೊಮ್ಮೆ ಕೊಟ್ಟರೂ ಮೂಳೆ ಮುರಿತದಂಥ ತೊಂದರೆ ಹೆಚ್ಚುವುದಿಲ್ಲ ಎಂದು ಪ್ರಯೋಗಗಳಲ್ಲಿ ಕಂಡಿದೆ. (ಅದಕ್ಕೂ ಮೊದಲು ಹಲ್ಲಿನ ವೈದ್ಯರನ್ನು ಕಾಣಿ. ಚಿಕಿತ್ಸೆಯ ನಡುವೆ ಹಲ್ಲು ಕಿತ್ತರೆ ದವಡೆ ಮೂಳೆ ಕೊಳೆಯುವ ಅಪಾಯವಿದೆ.)

ರೈಬೋಸಿಕ್ಲಿಬ್ ಅಥವಾ ಅದೇ ಬಗೆಯ ಪಾಲ್ಬೋಸಿಕ್ಲಿಬ್ 21 ದಿನ ತೆಗೆದುಕೊಂಡು 7 ದಿನ ಬಿಡಬೇಕು. ಆ ಏಳು ದಿನವೂ ಲೆಟ್ರೋಜೋಲ್ ನಿಲ್ಲಬಾರದು. ಎರಡನ್ನೂ ಒಟ್ಟಿಗೆ ನಿಲ್ಲಿಸುವುದು ಸುಲಭವಾಗಿ ಆಗುವ ತಪ್ಪು. ಕ್ಯಾಲೆಂಡರಿನಲ್ಲಿ ಎರಡು ಬಣ್ಣದ ಗುರುತು ಹಾಕಿ.

ಕೊನೆಯದಾಗಿ ವಾರಕ್ಕೊಮ್ಮೆ ನೋವು, ಉಸಿರು, ವಾಂತಿ, ಭೇದಿ, ಹಸಿವು, ಸುಸ್ತು ಬರೆದಿಟ್ಟು ನರ್ಸ್‌ಗೆ ತಲುಪಿಸಿ. ಸ್ತನ ಕ್ಯಾನ್ಸರೂ ಸೇರಿ ಹಬ್ಬಿದ ಕ್ಯಾನ್ಸರ್‌ಗಳಿಗೆ ಕೀಮೋ ಪಡೆಯುತ್ತಿದ್ದವರ ಬಗ್ಗೆ 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಹೀಗೆ ವರದಿ ಮಾಡಿದವರು ನಡುಬಿಂದುವಿನ ಲೆಕ್ಕದಲ್ಲಿ 31.2 ತಿಂಗಳು, ಮಾಮೂಲಿ ಭೇಟಿಯವರು 26 ತಿಂಗಳು ಬದುಕಿದರು.

ಮೂರು ಲಕ್ಷಣಗಳಿಗೆ ಮಾತ್ರ ವಾರ ಕಾಯುವಂತಿಲ್ಲ: ಕೀಮೋ ನಡೆಯುವಾಗ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ವಾಂತಿಯೊಡನೆ ಹೊಸ ತಲೆನೋವು, ಬೆನ್ನುನೋವಿನ ಜೊತೆ ಕಾಲು ಸೋಲುವುದು ಅಥವಾ ಮೂತ್ರ ಕಟ್ಟುವುದು. ಕೊನೆಯದರಲ್ಲಿ ಬೆನ್ನುಹುರಿ ಒತ್ತಿಹೋಗಿರಬಹುದು. ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕವರು ಸಾಮಾನ್ಯವಾಗಿ ನಡೆಯುತ್ತಲೇ ಇರುತ್ತಾರೆ, ಕಾಲು ಪೂರ್ತಿ ಬಿದ್ದ ಮೇಲೆ ಬಂದವರು ಎದ್ದು ನಡೆಯುವುದು ಅಪರೂಪ. ರಾತ್ರಿ ಹೊತ್ತಿಗೆ ವಾಹನ ಯಾರದ್ದು ಎಂಬುದನ್ನು ಆ ಹಾಳೆಯಲ್ಲೇ ಬರೆದಿಡಿ, ಫೋನ್ ನಂಬರ್ ಸಮೇತ.