ಅಟ್ಟದಲ್ಲಿದ್ದ ಸ್ಪೋರ್ಟ್ ಕೈಟ್ ಮತ್ತೆ ಹಾರಬೇಕೇ? ಮೊದಲು ದಾರ ಅಳೆಯಿರಿ

ಮಂಗಳೂರಿನ ತಣ್ಣೀರುಬಾವಿ ಕಡಲತೀರದ ಮರಳಿನ ಮೇಲೆ ಒಂದೇ ದೃಶ್ಯವನ್ನು ಎಷ್ಟೋ ಸಲ ನೋಡಿದ್ದೇನೆ. ಹತ್ತು ಹದಿನೈದು ವರ್ಷದ ಹಿಂದೆ ಕೊಂಡ ಎರಡು ದಾರದ ಪಟವನ್ನು ಯಾರೋ ಆಸೆಯಿಂದ ತಂದಿರುತ್ತಾರೆ. ಪಟ ಮೇಲೇಳುತ್ತದೆ, ಒಂದು ಕಡೆಗೆ ವಾಲುತ್ತದೆ, ಮೂಗು ಕೆಳಗಾಗಿ ಮರಳಿಗೆ ಬಡಿಯುತ್ತದೆ. ನಾಲ್ಕೈದು ಸಲ ಹೀಗಾದ ಮೇಲೆ ‘ಹಳೇದು, ಹಾಳಾಗಿದೆ’ ಎಂದು ಮಡಚಿ ಹೊರಡುತ್ತಾರೆ. ಹಾಳಾಗಿರುವುದಿಲ್ಲ. ದಾರ ಉದ್ದಗಿಡ್ಡ ಆಗಿರುತ್ತದೆ, ಅಷ್ಟೆ.

ಹನ್ನೊಂದು ವರ್ಷ ಬಿಟ್ಟು ಮತ್ತೆ ಶುರು ಮಾಡಿದಾಗ ನನಗೂ ಹೀಗೇ ಆಯಿತು. ಒಂದು ಸಂಜೆಯೆಲ್ಲಾ ಪಟ ಬಲಕ್ಕೇ ಸುತ್ತಿತು. ಮನೆಗೆ ಬಂದು ದಾರವನ್ನು ಗೇಟಿನ ಕಂಬಕ್ಕೆ ಸಿಕ್ಕಿಸಿ ನೋಡಿದರೆ ಬಲಗಡೆಯದು ಎರಡು ಬೆರಳು ಗಿಡ್ಡ. ಸರಿ ಮಾಡಿದೆ. ಮರುದಿನ ಅದೇ ಪಟ ನೇರವಾಗಿ ನೆತ್ತಿಯವರೆಗೆ ಏರಿತು.

ಆಷಾಢದ ಬಾಲಂಗೋಚಿ ಪಟಕ್ಕೆ ಒಂದೇ ದಾರ. ಸ್ಪೋರ್ಟ್ ಕೈಟ್‌ಗೆ ಎರಡು. ಬಲದ್ದು ಎಳೆದರೆ ಬಲಕ್ಕೆ, ಎಡದ್ದು ಎಳೆದರೆ ಎಡಕ್ಕೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪಾಲ್ ಗಾರ್ಬರ್ ಅವರು ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆಂದು ಮಾಡಿದ ಪಟವೂ ಹೀಗೇ ಎರಡು ದಾರದಲ್ಲಿ ತಿರುಗುತ್ತಿತ್ತು. ಅದರ ಮೇಲೆ ಶತ್ರು ವಿಮಾನದ ಚಿತ್ರ ಬರೆದಿರುತ್ತಿತ್ತು. 1972ರಲ್ಲಿ ಇಂಗ್ಲೆಂಡಿನ ಪೀಟರ್ ಪೊವೆಲ್ ಮಾಡಿದ ಪಟ ಇದನ್ನು ಜನರ ಆಟವಾಗಿಸಿತು. ತಿರುಗಿಸುವ ಕೆಲಸವೆಲ್ಲ ಎರಡು ದಾರದ ಉದ್ದದ ವ್ಯತ್ಯಾಸದಿಂದಲೇ ಆಗುವುದು. ಆದ್ದರಿಂದ ಒಂದು ಗಿಡ್ಡವಾಗಿದ್ದರೆ ನೀವು ಕೈ ಆಡಿಸದಿದ್ದರೂ ಪಟ ತಿರುಗುತ್ತಲೇ ಇರುತ್ತದೆ.

ಪಟವನ್ನು ಬಿಡಿಸಿ ನೋಡಿ

ಒಳಗೆ ಮಡಚಿಟ್ಟ ಬಟ್ಟೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕೈಕೊಡುವುದು ರಬ್ಬರ್. ಕಡ್ಡಿ ಸೇರುವ ಜಾಗದ ತುಂಡುಗಳನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿ. ಅವು ಜಾರದಂತೆ ತಡೆಯಲು ಸೈಕಲ್ ಅಂಗಡಿಯ ವಾಲ್ ಟ್ಯೂಬ್ ಸಾಕು. ಕಾರ್ಬನ್ ಕಡ್ಡಿಯನ್ನು ಬರಿಗೈಯಲ್ಲಿ ಸವರಬೇಡಿ, ಸಿಬಿರು ಚುಚ್ಚುತ್ತದೆ. ಹತ್ತಿಯಿಂದ ಸವರಿ. ಎಳೆ ಸಿಕ್ಕಿಕೊಂಡ ಕಡೆ ಕಡ್ಡಿ ಸೀಳಿದೆ ಎಂದರ್ಥ. ಅದಕ್ಕೆ ಟೇಪ್ ಸುತ್ತುವುದು ಬೇಡ. ಜೋರು ಗಾಳಿಯಲ್ಲಿ ಮುರಿದು ಬಟ್ಟೆಯನ್ನೂ ಹರಿಯುತ್ತದೆ.

ದಾರ: ಎಲ್ಲರೂ ಎಡವುವುದು ಇಲ್ಲೇ

ಎರಡೂ ಹಿಡಿಕೆಗಳನ್ನು ಒಂದು ಉದ್ದ ಸ್ಕ್ರೂಡ್ರೈವರ್‌ಗೆ ಸಿಕ್ಕಿಸಿ ನೆಲಕ್ಕೆ ಚುಚ್ಚಿ. ದಾರ ಸುತ್ತಿದ ಪಟ್ಟಿ ಹಿಡಿದು ಹಿಂದೆ ಹಿಂದೆ ನಡೆಯುತ್ತಾ ಬಿಚ್ಚಿ. ಕೂತಲ್ಲೇ ಎಳೆದು ರಾಶಿ ಹಾಕಿದರೆ ಸಿಕ್ಕು ಖಂಡಿತ. ಸಿಕ್ಕಾದರೆ ತುದಿ ಹಿಡಿದು ಎಳೆಯಬೇಡಿ, ಎಳೆದಷ್ಟೂ ಬಿಗಿಯುತ್ತದೆ. ರಾಶಿಯನ್ನು ಮೆಲ್ಲಗೆ ಕೊಡವಿ, ಹೊರಗಿನ ಕುಣಿಕೆಗಳನ್ನು ಅಗಲ ಮಾಡುತ್ತಾ ಬನ್ನಿ. ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ, ಕತ್ತರಿ ಮಾತ್ರ ಬೇಡ. ಮಧ್ಯದಲ್ಲಿ ಗಂಟು ಹಾಕಿ ಜೋಡಿಸಿದ ದಾರ ಹಾರುವಾಗ ಆ ಗಂಟಿನಲ್ಲೇ ಪಕ್ಕದ ದಾರಕ್ಕೆ ಸಿಕ್ಕಿಕೊಳ್ಳುತ್ತದೆ.

ಹಾಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಹಿಡಿದು ತುದಿಯಿಂದ ತುದಿಗೆ ಒರೆಸಿ. ಉಪ್ಪು, ಮರಳು ಹೋಗುತ್ತದೆ. ಎಲ್ಲಾದರೂ ನೂಲು ಎದ್ದು ಜುಂಗಾಗಿದ್ದರೆ ಬೆರಳಿಗೆ ಗೊತ್ತಾಗುತ್ತದೆ.

ಈಗ ಹಿಗ್ಗಿಸಬೇಕು. ಈ ಹಂತವನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಒಂದು ದಾರದ ತುದಿಯನ್ನು ಗಟ್ಟಿ ಕಂಬಕ್ಕೆ ಹಾಕಿ, ಇನ್ನೊಂದು ತುದಿಯ ಹಿಡಿಕೆ ಹಿಡಿದು, ಮೈಭಾರ ಹಿಂದಕ್ಕೆ ಬಿಟ್ಟು ಒಂದು ನಿಮಿಷ ನಿಲ್ಲಿ. ಎರಡನೆಯದಕ್ಕೂ ಹಾಗೇ. ಹೆಣಿಗೆ ಮತ್ತು ಗಂಟು ಬಿಗಿದುಕೊಳ್ಳುವುದರಿಂದ ದಾರ ಒಂದಿಷ್ಟು ಉದ್ದವಾಗುತ್ತದೆ. ಅದಾದ ಮೇಲಷ್ಟೇ ಅಳತೆ.

ಅಳೆಯಲು ಟೇಪು ಬೇಡ. ಪಟದ ಕಡೆಯ ಎರಡೂ ಕುಣಿಕೆಗಳನ್ನು ಒಂದೇ ಮೊಳೆಗೆ ಹಾಕಿ. ಹಿಡಿಕೆಯ ಕಡೆ ಎರಡನ್ನೂ ಒಟ್ಟಿಗೆ ಹಿಡಿದು ಸಮನಾಗಿ ಎಳೆಯಿರಿ, ತುದಿಗಳು ಸಾಲಿಗೆ ಬರುತ್ತವೆಯೇ ನೋಡಿ. ಅರ್ಧ ಸೆಂ.ಮೀ. ಹೆಚ್ಚುಕಮ್ಮಿ ಇದ್ದರೆ ಬಿಡಿ. ಒಂದು ಸೆಂ.ಮೀ. ಮೀರಿದರೆ ಸರಿ ಮಾಡಲೇಬೇಕು.

ತುದಿಯಲ್ಲಿ ದಾರದ ಮೇಲೆ ದಪ್ಪನೆಯ ಒಂದು ಕವಚ ಇರುತ್ತದೆ, ಟೊಳ್ಳು ಶೂ ಲೇಸಿನ ಹಾಗೆ. ಅದು ಅಂದಕ್ಕಲ್ಲ. ಈ ಪಟಗಳಿಗೆ ಬಳಸುವುದು ಡೈನೀಮಾ ಎಂಬ, ಅಷ್ಟಾಗಿ ಹಿಗ್ಗದ ಗಟ್ಟಿ ಕೃತಕ ನೂಲಿನ ದಾರ. ಅದು ತುಂಬಾ ನುಣುಪು. ಬರಿದಾರಕ್ಕೆ ಗಂಟು ಹಾಕಿದರೆ ಜಾರುತ್ತದೆ, ಇಲ್ಲವೇ ತನ್ನನ್ನೇ ಕೊಯ್ದುಕೊಳ್ಳುತ್ತದೆ. ಉದ್ದದ ದಾರದ ಹಿಡಿಕೆ ಕಡೆಯ ಗಂಟನ್ನು ಸೂಜಿ ಮೊನೆಯಿಂದ ಸಡಿಲಿಸಿ, ಎಷ್ಟು ಹೆಚ್ಚಿದೆಯೋ ಅಷ್ಟನ್ನು ಒಳಗೆಳೆದು, ಕವಚದ ಸಮೇತ ಎಂಟರ ಆಕಾರದ ಗಂಟು ಹಾಕಿ. ಮತ್ತೆ ಎಳೆದು ಬಿಗಿ ಮಾಡಿ, ಮತ್ತೆ ಸಾಲಿಗೆ ಹಿಡಿದು ನೋಡಿ. ಮೊದಲ ಸಲಕ್ಕೇ ಸರಿಯಾಗುವುದು ಅಪರೂಪ. ಕತ್ತರಿಸಬೇಕಾದರೆ ಹರಿತವಾದ ಬ್ಲೇಡು ಬಳಸಿ. ಇದು ಸುಮಾರು 150 ಡಿಗ್ರಿಗೇ ಕರಗುವ ನೂಲು, ಬೆಂಕಿ ಹತ್ತಿರ ತಂದರೆ ತುದಿ ಮುದುಡಿ ಕೆಡುತ್ತದೆ.

ಹೊಸ ದಾರವೇ ಬೇಕಾದರೆ, 2.4 ಮೀಟರ್ ಅಗಲದ ಪಟಕ್ಕೆ 70 ಕೆ.ಜಿ. ತಾಳುವಂಥದ್ದು, 25 ಮೀಟರ್ ಉದ್ದ. ಗಾಳದ ಅಂಗಡಿಯಲ್ಲಿ ಸಿಗುವ ಎಂಟೆಳೆಯ ಹೆಣೆದ ದಾರವೂ ಇದೇ ಜಾತಿಯ ನೂಲು, ಅಭ್ಯಾಸಕ್ಕೆ ನಡೆಯುತ್ತದೆ. ಆಟಿಕೆ ಅಂಗಡಿಯ ‘ಸ್ಟಂಟ್ ಕೈಟ್’ ಜೊತೆ ಬರುವ ನೈಲಾನ್ ದಾರವನ್ನು ಮಾತ್ರ ಎಸೆದುಬಿಡಿ. ಕೈ ಎಳೆದಾಗ ಮೊದಲು ದಾರ ಹಿಗ್ಗುತ್ತದೆ, ಪಟ ತಿರುಗುವುದು ಆಮೇಲೆ. ಮಕ್ಕಳು ಬೇಸತ್ತು ಬಿಡುವುದು ಇದರಿಂದಲೇ. ಗಾಜು ಹಚ್ಚಿದ ಮಾಂಜಾ ಅಂತೂ ಬೇಡವೇ ಬೇಡ. ಹಕ್ಕಿಗಳ, ಬೈಕ್ ಸವಾರರ ಕತ್ತು ಕೊಯ್ಯುವ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಎರಡು ದಾರ ಸದಾ ಒಂದಕ್ಕೊಂದು ಉಜ್ಜುವ ಈ ಪಟದಲ್ಲಿ ಅದು ತನ್ನ ಜೊತೆಯ ದಾರವನ್ನೇ ಕತ್ತರಿಸುತ್ತದೆ.

ಸೂತ್ರಕ್ಕೆ ಕಟ್ಟುವುದು

ಸೂತ್ರ ಅಂದರೆ ಪಟದ ಕಡ್ಡಿಗಳಿಗೇ ಕಟ್ಟಿರುವ ಗಿಡ್ಡ ದಾರಗಳು. ಹಾರಿಸುವ ದಾರದ ಕುಣಿಕೆಯೊಳಗೆ ಹೆಬ್ಬೆರಳು, ತೋರುಬೆರಳು ತೂರಿಸಿ, ಹಿಂದಿನ ದಾರವನ್ನು ಚಿವುಟಿ ಹಿಡಿದು ಆಚೆಗೆ ಎಳೆಯಿರಿ. ಜೋಡಿ ಕುಣಿಕೆ ಆಗುತ್ತದೆ. ಅದನ್ನು ಸೂತ್ರದ ಗಂಟಿನ ಹಿಂದೆ ಹಾಕಿ ಬಿಗಿ ಮಾಡಿ. ಸೂತ್ರದ ಹಳೆಯ ಸ್ಥಾನಕ್ಕೆ ಪೆನ್ನಿನ ಗುರುತು ಹಾಕಿ ಹಾಗೇ ಬಿಡಿ. ಮೊದಲ ದಿನ ಅದನ್ನು ಮುಟ್ಟಬೇಡಿ. ಪಟ ಮೇಲೇಳಲು ಒಲ್ಲೆ ಅಂದರೆ ಮಾತ್ರ ಎರಡೂ ಕಡೆ ಅರ್ಧ ಸೆಂ.ಮೀ. ಮೂಗಿನ ಕಡೆಗೆ ಸರಿಸಿ.

ಜಾಗ ಮತ್ತು ಗಾಳಿ

ನಮ್ಮ ಕರಾವಳಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಮಧ್ಯಾಹ್ನದ ಕಡಲ ಗಾಳಿಗೆ ಸಾಟಿಯಿಲ್ಲ. ನೀರಿನ ಮೇಲಿಂದ ಅಡ್ಡಿಯಿಲ್ಲದೆ ಬರುವುದರಿಂದ ಒಂದೇ ಸಮ ಇರುತ್ತದೆ. ತೆಂಗಿನ ಗರಿ ಬಿಡದೆ ಆಡುತ್ತಿರಬೇಕು, ಮರಳು ಮಾತ್ರ ಹಾರಬಾರದು. ಗಂಟೆಗೆ 10ರಿಂದ 20 ಕಿ.ಮೀ. ಅಂದುಕೊಳ್ಳಿ. ಗಾಳಿಗೆ ಬೆನ್ನು ಹಾಕಿ ನಿಲ್ಲಬೇಕಲ್ಲ, ಆದ್ದರಿಂದ ಬೆನ್ನು ಕಡಲಿಗೆ, ಮುಖ ದಡಕ್ಕೆ. ಇಳಿಬಿಸಿಲು ಬೆನ್ನ ಹಿಂದೆ ಇರುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಆದರೆ ಪಟ ಹಾರುವುದು ಜನ ಓಡಾಡುವ ಕಡೆ. ಎಳೆದು ನಿಂತ ದಾರ ಚರ್ಮ ಕೊಯ್ಯುತ್ತದೆ. ನೀರಂಚಿನಲ್ಲಿ ನಿಂತು, ಎದುರಿಗೆ ನಲವತ್ತು ಮೀಟರ್ ಖಾಲಿ ಇದ್ದರೆ ಮಾತ್ರ ಹಾರಿಸಿ. ಇಲ್ಲದಿದ್ದರೆ ಇನ್ನೂ ಮುಂದೆ ನಡೆಯಿರಿ, ಪಣಂಬೂರು, ಮಲ್ಪೆಯಲ್ಲೂ ಜನ ಕಡಿಮೆ ಇರುವ ಮೂಲೆಗಳಿವೆ. ಕಟ್ಟಡದ ಮರೆ, ವಿದ್ಯುತ್ ತಂತಿ, ವಿಮಾನ ನಿಲ್ದಾಣದ ಆಸುಪಾಸು ಬೇಡ.

ಏರಿಸುವುದು, ಉಳಿಸಿಕೊಳ್ಳುವುದು

ಪಟವನ್ನು ರೆಕ್ಕೆ ತುದಿಗಳ ಮೇಲೆ, ಸ್ವಲ್ಪ ಹಿಂದಕ್ಕೆ ಒರಗಿಸಿ ನಿಲ್ಲಿಸಿ. ಕೈಗಳನ್ನು ಸೊಂಟದ ಹತ್ತಿರಕ್ಕೆ ಎಳೆಯುತ್ತಾ ಎರಡು ಹೆಜ್ಜೆ ಹಿಂದೆ ಇಡಿ, ಸಾಕು. ಓಡಬೇಡಿ. ಕೈ ತಲೆಯ ಮೇಲೆ ಎತ್ತಬೇಡಿ, ಎತ್ತಿದರೆ ಎಳೆಯಲು ಜಾಗವೇ ಉಳಿಯುವುದಿಲ್ಲ.

ಬಲಕ್ಕೆ ಮೂರು ಸುತ್ತು ಹಾಕಿದರೆ ದಾರ ಮೂರು ಸಲ ಹೊಸೆದುಕೊಳ್ಳುತ್ತದೆ. ಗಾಬರಿ ಬೇಡ, ಡೈನೀಮಾ ಜಾರುವುದರಿಂದ ಪಟ ಮಾತು ಕೇಳುತ್ತಲೇ ಇರುತ್ತದೆ. ಎಡಕ್ಕೆ ಮೂರು ಸುತ್ತು ಹಾಕಿದರೆ ಬಿಚ್ಚಿಕೊಳ್ಳುತ್ತದೆ.

ಮೂಗು ಕೆಳಗಾಗಿ ಬೀಳುತ್ತಿದೆ ಅನ್ನಿಸಿದಾಗ ಕೈ ತಾನಾಗಿ ದಾರವನ್ನು ಎಳೆಯುತ್ತದೆ. ಎಳೆದರೆ ಇನ್ನೂ ಜೋರಾಗಿ ಬಡಿಯುತ್ತದೆ, ಕಡ್ಡಿ ಮುರಿಯುವುದು ಹೀಗೆ. ಎರಡೂ ಕೈ ಮುಂದೆ ಚಾಚಿ ಪಟದ ಕಡೆಗೆ ಓಡಿ. ದಾರ ಸಡಿಲಾಗುತ್ತದೆ, ಗಾಳಿಯ ಒತ್ತಡ ಹೋಗುತ್ತದೆ, ಪಟ ಎಲೆಯಂತೆ ಬೀಳುತ್ತದೆ. ಪಟ ಇಲ್ಲದೆಯೇ, ಬರಿಗೈಯಲ್ಲಿ ಇದನ್ನು ಹತ್ತು ಸಲ ಅಭ್ಯಾಸ ಮಾಡಿಕೊಂಡು ಹೋಗಿ. ನಾನು ಈಗಲೂ ಮಾಡುತ್ತೇನೆ.

ಮುಗಿಸುವಾಗ ದಾರವನ್ನು ಹಿಡಿಕೆಯ ಕಡೆಯಿಂದ ಎಂಟರ ಆಕಾರದಲ್ಲಿ ಸುತ್ತಿ. ಬರೀ ಗುಂಡಗೆ ಸುತ್ತಿದರೆ ಮುಂದಿನ ಸಲ ಹೊಸೆದುಕೊಂಡೇ ಬಿಚ್ಚುತ್ತದೆ. ಪಟದಿಂದ ಕಳಚಿದ ಎರಡೂ ಕುಣಿಕೆಗಳನ್ನು ಒಂದಕ್ಕೊಂದು ಸಿಕ್ಕಿಸಿಡಿ, ಬಲಗಡೆಯ ಹಿಡಿಕೆಗೆ ಕೆಂಪು ನೂಲು ಸುತ್ತಿಡಿ.