ಯಂತ್ರದಿಂದ ಹತ್ತಿ ಬಿಡಿಸುವಾಗ ಎಳೆಯ ಗುಣಮಟ್ಟ ಉಳಿಸಿಕೊಳ್ಳುವುದು ಹೇಗೆ?

ಯಂತ್ರದಿಂದ ಬಿಡಿಸಿದ ಹತ್ತಿಯ ಎಳೆ ಗಿಡ್ಡವಾಗುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಎಳೆ ತುಂಡಾಗುವುದು ಬಹುಮಟ್ಟಿಗೆ ಹೊಲದಲ್ಲಲ್ಲ, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ. ಯಂತ್ರವು ಹತ್ತಿಯೊಡನೆ ತರುವ ಎಲೆಪುಡಿ, ಕಾಯಿಸಿಪ್ಪೆ ಮತ್ತು ಕಡ್ಡಿಗಳನ್ನು ಬೇರ್ಪಡಿಸಲು ಅದನ್ನು ಬಿಸಿಗಾಳಿಯಲ್ಲಿ ಒಣಗಿಸಿ ಹಲವು ಸಲ ಶುಚಿ ಮಾಡಬೇಕಾಗುತ್ತದೆ. ಬೀಜ ಬೇರ್ಪಟ್ಟ ಅರಳೆಯನ್ನು ಗರಗಸದ ಹಲ್ಲುಗಳ ಶುಚಿಯಂತ್ರಕ್ಕೆ ಹಾಕಿದಾಗಲೆಲ್ಲ ಒಂದಷ್ಟು ಎಳೆ ಮುರಿದು, ‘ನೆಪ್’ ಎಂಬ ಸಣ್ಣ ಗಂಟುಗಳು ಹೆಚ್ಚುತ್ತವೆ. ಹೀಗಾಗಿ ಕಸವನ್ನು ಹೊಲದಲ್ಲಿಯೇ ತಡೆಯಬೇಕು. ದಶಕಗಳಿಂದ ಯಂತ್ರವನ್ನೇ ನಂಬಿರುವ ಅಮೆರಿಕದ ಬೆಳೆಗಾರರು ಅನುಸರಿಸುವ ಕ್ರಮ ಹೀಗಿದೆ.

ಮೊದಲನೆಯದು ಯಂತ್ರದ ಆಯ್ಕೆ. ಸ್ಪಿಂಡಲ್ ಪಿಕ್ಕರ್ ಯಂತ್ರದಲ್ಲಿ ತಿರುಗುವ ಕದಿರುಗಳು ಅರಳಿದ ಕಾಯಿಯ ಹತ್ತಿಯನ್ನಷ್ಟೇ ಸುತ್ತಿ ಎಳೆದುಕೊಳ್ಳುತ್ತವೆ. ಹತ್ತಿ ಅಂಟಿಕೊಳ್ಳಲೆಂದು ಕದಿರನ್ನು ಒದ್ದೆ ಮಾಡುವ ಉಪಾಯ 1933ರಲ್ಲಿ ಪೇಟೆಂಟ್ ಪಡೆದ ಜಾನ್ ರಸ್ಟ್ ಅವರದು; ಅವರಿಗೆ ಅದು ಹೊಳೆದದ್ದು ಅಜ್ಜಿ ರಾಟೆಯ ಕದಿರಿಗೆ ನೀರು ಹಚ್ಚುತ್ತಿದ್ದುದನ್ನು ನೆನೆದಾಗಲಂತೆ. ಟೆಕ್ಸಾಸ್‌ನ ಲಬಕ್ ಸುತ್ತಲಿನ ಒಣ ಬಯಲಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸ್ಟ್ರಿಪ್ಪರ್, ಗಿಡದಲ್ಲಿರುವ ಅರಳಿದ ಮತ್ತು ಅರಳದ ಕಾಯಿಗಳನ್ನೆಲ್ಲ ಸಿಪ್ಪೆ ಸಮೇತ ಉಜ್ಜಿ ತೆಗೆಯುತ್ತದೆ. 218 ಕಿಲೋ ಅರಳೆಯನ್ನು ಒತ್ತಿ ಕಟ್ಟಿದ ಒಂದು ಬೇಲ್‌ಗೆ (ಮೂಟೆಗೆ) ಪಿಕ್ಕರ್‌ನಿಂದ ಬಿಡಿಸಿದ ಹತ್ತಿ ಸುಮಾರು 680 ಕಿಲೋ ಸಾಕಾದರೆ, ಸ್ಟ್ರಿಪ್ಪರ್‌ನ ಹತ್ತಿ ಸುಮಾರು 1,000 ಕಿಲೋ ಬೇಕಾಗುತ್ತದೆ. ಈ ವ್ಯತ್ಯಾಸದಲ್ಲಿ ಬಹುಪಾಲು ಕಸವೇ. ತುದಿಯ ಬಲಿಯದ ಕಾಯಿಗಳೂ ಸೇರಿಕೊಳ್ಳುವುದರಿಂದ ಎಳೆಯ ಪಕ್ವತೆಯೂ ಇಳಿಯುತ್ತದೆ. ಸ್ಟ್ರಿಪ್ಪರನ್ನೇ ಬಳಸುವುದಾದರೆ ಅದರ ಮೇಲೆ ಶುಚಿಯಂತ್ರ ಜೋಡಿಸಿರಲೇಬೇಕು.

ಎರಡನೆಯದಾಗಿ, ಬೆಳೆಯನ್ನು ಯಂತ್ರಕ್ಕೆ ಹೊಂದಿಸಬೇಕು. ನಮ್ಮಲ್ಲಿ ಕಾಯಿ ಒಡೆದಂತೆಲ್ಲ ಮೂರ್ನಾಲ್ಕು ಸಲ ಬಿಡಿಸುತ್ತಾರೆ; ಯಂತ್ರ ಸಾಮಾನ್ಯವಾಗಿ ಒಂದೇ ಸಲ ಹೊಲಕ್ಕಿಳಿಯುತ್ತದೆ. ಆದ್ದರಿಂದ ಗಿಡ್ಡವಾಗಿ ಬೆಳೆದು ಒಟ್ಟಿಗೆ ಕಾಯಿ ಒಡೆಯುವ ತಳಿ ಬೇಕು. ಹೊಲದಲ್ಲಿ ಹುಲ್ಲು ಉಳಿದಿರಬಾರದು, ಏಕೆಂದರೆ ಅರಳೆಯಲ್ಲಿ ಸೇರಿದ ಹುಲ್ಲಿನ ಎಳೆಯನ್ನು ಯಾವ ಯಂತ್ರವೂ ಪೂರ್ತಿಯಾಗಿ ತೆಗೆಯಲಾರದು.

ಮೂರನೆಯದು ಎಲೆ ಉದುರಿಸುವುದು. ಗುಣಮಟ್ಟದ ಅರ್ಧ ಭಾಗ ಇಲ್ಲಿಯೇ ನಿರ್ಧಾರವಾಗುತ್ತದೆ ಎಂದರೆ ಅತಿಶಯವಲ್ಲ. ಸುಮಾರು ಶೇ 60ರಷ್ಟು ಕಾಯಿಗಳು ಒಡೆದಿರುವಾಗ ಥಿಡಿಯಾಜುರಾನ್‌ನಂತಹ ಎಲೆ ಉದುರಿಸುವ ಔಷಧಿಯನ್ನೂ, ಅಗತ್ಯವಿದ್ದರೆ ಕಾಯಿ ಒಡೆಸುವ ಎಥೆಫಾನನ್ನೂ ಸಿಂಪಡಿಸುವುದು ವಾಡಿಕೆ. ಅವಸರ ಮಾಡಿದರೆ ಎಳೆ ಬಲಿಯದೆ ಮೈಕ್ರೊನೇರ್ (ಎಳೆಯ ನಯ ಮತ್ತು ಪಕ್ವತೆಯನ್ನು ಸೂಚಿಸುವ ಅಳತೆ) 3.5ಕ್ಕಿಂತ ಕೆಳಗಿಳಿದು ಬೆಲೆ ಕಡಿತವಾಗುತ್ತದೆ. ಅಂತಹ ಹತ್ತಿಯ ಬಟ್ಟೆ ಬಣ್ಣವನ್ನೂ ಸಮನಾಗಿ ಹೀರುವುದಿಲ್ಲ. ಪ್ರಮಾಣ ಅತಿಯಾದರೆ ಎಲೆ ಉದುರುವ ಬದಲು ಗಿಡದಲ್ಲೇ ಸುಟ್ಟು ಒಣಗಿ ನಿಲ್ಲುತ್ತದೆ, ಯಂತ್ರ ಬಂದಾಗ ಕಾಳುಮೆಣಸಿನ ಪುಡಿಯಂತೆ ಉದುರಿ ಅರಳೆಯೊಳಗೆ ಸೇರುತ್ತದೆ. ಸಿಂಪಡಿಸಿ ಎರಡು ವಾರದೊಳಗೆ ಬಿಡಿಸುವುದು ಲೇಸು. ತಡವಾದರೆ ಹೊಸ ಚಿಗುರು ಹುಟ್ಟಿ ಹಸಿರು ಕಲೆ ಹತ್ತುತ್ತದೆ, ಮಳೆ ಸಿಕ್ಕರೆ ಹತ್ತಿ ಬೂದುಬಣ್ಣಕ್ಕೆ ತಿರುಗುತ್ತದೆ.

ನಾಲ್ಕನೆಯದು ತೇವಾಂಶ. ಇಬ್ಬನಿ ಪೂರ್ತಿ ಆರುವವರೆಗೆ ಯಂತ್ರ ಹೊಲಕ್ಕಿಳಿಯಬಾರದು. ಹತ್ತಿಯ ತೇವ ಶೇ 12 ಮೀರಿರಬಾರದು. ಹತ್ತಿಬೀಜವನ್ನು ಹಲ್ಲಿನಲ್ಲಿ ಕಚ್ಚಿದಾಗ ಟಕ್ಕೆಂದು ಒಡೆದರೆ ಒಣಗಿದೆ ಎಂದರ್ಥ, ಮೆತ್ತಗೆ ನುರಿದರೆ ಕಾಯಬೇಕು. ಹಸಿ ಹತ್ತಿ ಕದಿರಿಗೆ ಸುತ್ತಿಕೊಂಡು ಹುರಿಯಾಗುತ್ತದೆ, ಒಟ್ಟಿದ ರಾಶಿಯಲ್ಲಿ ಬಿಸಿಯೇರಿ ಹಳದಿಯಾಗುತ್ತದೆ. ಕದಿರಿಗೆ ಹಾಯಿಸುವ ನೀರೂ ಅಗತ್ಯಕ್ಕಿಂತ ಹೆಚ್ಚಾಗಬಾರದು.

ಕೊನೆಯದು ಜಿನ್. ಅರಳೆಯಲ್ಲಿ ಶೇ 6ರಿಂದ 7ರಷ್ಟು ತೇವ ಉಳಿಸಿಕೊಂಡು ಜಿನ್ ಮಾಡಿದರೆ ಎಳೆ ಕಡಿಮೆ ಮುರಿಯುತ್ತದೆ. ಕರ್ನಾಟಕದಲ್ಲಿ ಸಾಮಾನ್ಯವಾಗಿರುವ ಜೋಡಿ ರೋಲರ್ ಜಿನ್ನುಗಳು ಗರಗಸದ ಜಿನ್ನಿಗಿಂತ ಮೃದುವಾದರೂ, ಅವು ರೂಢಿಯಾಗಿರುವುದು ಕೈಯಿಂದ ಬಿಡಿಸಿದ, ಕಸ ಕಡಿಮೆಯಿರುವ ಹತ್ತಿಗೆ. ಧಾರವಾಡದಲ್ಲಿ ರೂಪುಗೊಂಡು 1981ರಲ್ಲಿ ಬಿಡುಗಡೆಯಾದ ಡಿಸಿಎಚ್-32ರಂತಹ ಅತಿ ಉದ್ದ ಎಳೆಯ ಹೈಬ್ರಿಡ್‌ಗಳಿಗೆ ಸದ್ಯಕ್ಕೆ ಕೈ ಬಿಡಿಕೆಯೇ ಸರಿ ಎಂಬುದು ಈ ಲೇಖಕನ ಅಭಿಪ್ರಾಯ. ಹಾಗೆಂದು ಕೈಯ ಹತ್ತಿ ದೋಷಮುಕ್ತವೇನಲ್ಲ. ಗೋಣಿದಾರ, ತಲೆಗೂದಲು ಮತ್ತು ಪ್ಲಾಸ್ಟಿಕ್ ಚೂರುಗಳ ಬೆರಕೆಗೆ ಭಾರತದ ಹತ್ತಿ ಹೆಸರಾಗಿದ್ದರೆ, ಯಂತ್ರದಿಂದಲೇ ಬಿಡಿಸುವ ಆಸ್ಟ್ರೇಲಿಯಾದ ಹತ್ತಿಯಲ್ಲಿ ಆ ಬೆರಕೆ ಬಹಳ ಕಡಿಮೆ.

ಯಂತ್ರವನ್ನು ಬಾಡಿಗೆಗೆ ಗೊತ್ತುಮಾಡುವ ಮೊದಲೇ, ಬೀಜ ಬೇರ್ಪಡಿಸುವುದಕ್ಕೆ ಮುನ್ನ ಕಡ್ಡಿ, ಸಿಪ್ಪೆ ತೆಗೆಯುವ ವ್ಯವಸ್ಥೆ ಇದೆಯೇ ಎಂದು ಜಿನ್ನಿನವರನ್ನು ವಿಚಾರಿಸಿಕೊಳ್ಳಬೇಕು. ಯಂತ್ರದ ಹತ್ತಿಯನ್ನು ಕೈಯ ಹತ್ತಿಯೊಡನೆ ಬೆರೆಸದೆ ಬೇರೆಯಾಗಿ ಒಟ್ಟಬೇಕು, ಏಕೆಂದರೆ ಬೆರೆತ ರಾಶಿಗೆ ವ್ಯಾಪಾರಿ ದರ ಕಟ್ಟುವುದು ಅದರಲ್ಲಿನ ಕಸವನ್ನು ನೋಡಿಯೇ.