ಹೂ ಮಳೆ ಆದಮೇಲೆ ಎಂಟು ಕಲ್ಲು

ನಾನು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. 3ರಿಂದ 6 ವರ್ಷದ ಹದಿನಾಲ್ಕು ಮಕ್ಕಳು ಬರುತ್ತಾರೆ. ಅರ್ಧಕ್ಕಿಂತ ಜಾಸ್ತಿ ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳು. ನಮ್ಮ ಹಿತ್ತಲ ಬೇಲಿ ದಾಟಿದರೆ ಕಾಫಿ ತೋಟ. ಮಾರ್ಚ್ ಬಂತೆಂದರೆ ಒಳಗೆ ಸೆಕೆ, ಮಕ್ಕಳಿಗೆ ಕೂರಲು ಮನಸ್ಸೇ ಇರುವುದಿಲ್ಲ.

ಮೊದಲ ವರ್ಷ ಸುಮ್ನೆ ಸುತ್ತಾಡಿಸಿದೆ. ಇದು ಹಲಸು, ಇದು ಹಾಲುವಾಣ, ಇದು ಸಿಲ್ವರ್ ಓಕ್ ಅಂತ ತೋರಿಸುತ್ತಾ ಹೋದೆ. ಮಕ್ಕಳು ಜೋರಾಗಿ ಹೇಳಿದರು. ಮರುದಿನ ಕೇಳಿದರೆ ಒಬ್ಬರಿಗೂ ನೆನಪಿಲ್ಲ. ಆಮೇಲೆ ಅನ್ನಿಸಿತು, ಒಂದೇ ಗಿಡವನ್ನು ದಿನಾ ಹೋಗಿ ನೋಡಿದರೆ ಹೇಗೆ?

ಅದಕ್ಕೆ ಕಾಫಿ ಗಿಡವೇ ಸರಿ. ನಮ್ಮ ಕಡೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಹೂ ಮಳೆ ಬರುತ್ತದೆ. ಬಿಸಿಲಿಗೆ ಸೊರಗಿದ ಗಿಡದಲ್ಲಿ ಸುಮ್ಮನೆ ಕೂತಿದ್ದ ಮೊಗ್ಗು ಆ ಮಳೆಗೆ ಎಚ್ಚರವಾಗುತ್ತದೆ. ಎಂಟರಿಂದ ಹತ್ತು ದಿನದಲ್ಲಿ ಇಡೀ ತೋಟ ಒಟ್ಟಿಗೆ ಬೆಳ್ಳಗಾಗುತ್ತದೆ. ಮೂರು ವರ್ಷದ ಮಗು ಒಂದು ತಿಂಗಳು ಕಾಯುವುದಿಲ್ಲ. ಒಂದು ವಾರ ಅಂದರೆ ಕಾಯುತ್ತದೆ.

ಮೋಡ ಕಟ್ಟಿದ ದಿನವೇ ಒಂದು ಉದ್ದನೆಯ ನೇರ ಡಬ್ಬಿಯನ್ನು ಅಂಗಳದ ಮಧ್ಯೆ ಇಡುತ್ತೇನೆ. ನಮ್ಮೂರಲ್ಲಿ ಮಳೆ ಬಂದರೆ ಎಲ್ಲರ ಬಾಯಲ್ಲೂ ಸೆಂಟ್ಸ್ ಲೆಕ್ಕ. 100 ಸೆಂಟ್ಸ್ ಅಂದರೆ ಒಂದು ಇಂಚು. "ಟೀಚರ್, ಎಂಬತ್ತು ಸೆಂಟ್ಸ್ ಬಂತಂತೆ" ಅಂತ ಮಕ್ಕಳೇ ಸುದ್ದಿ ತರುತ್ತಾರೆ. ಎಂಬತ್ತು ಅಂದರೆ ಎಷ್ಟು ಅಂತ ಅವಕ್ಕೆ ಗೊತ್ತಿಲ್ಲ. ಡಬ್ಬಿಯೊಳಗೆ ನನ್ನ ಬೆರಳಿಟ್ಟು ತೋರಿಸುತ್ತೇನೆ. ಮೊದಲ ಗೆಣ್ಣಿನ ಹತ್ತಿರ ಬಂದಿದೆ ನೋಡಿ, ಅಷ್ಟು.

ಆವತ್ತಿನಿಂದ ಕಲ್ಲಿನ ಲೆಕ್ಕ. ಬೆಳಿಗ್ಗೆ ಬಂದ ಕೂಡಲೇ ಒಬ್ಬರು ಕರಟದೊಳಗೆ ಒಂದು ಕಲ್ಲು ಹಾಕಬೇಕು, ಎಲ್ಲರೂ ಎಣಿಸಬೇಕು. ಆಮೇಲೆ ಕೆಂಪು ದಾರ ಕಟ್ಟಿದ ಕೊಂಬೆಯ ಹತ್ತಿರ ಹೋಗುವುದು. ದಾರ ಸಡಿಲವಾಗಿ ಕಟ್ಟಿದ್ದೇನೆ, ಗಿಡದ ಕೊಂಬೆ ಸವರುವವರಿಗೂ ಹೇಳಿಟ್ಟಿದ್ದೇನೆ. ಮೊಗ್ಗು ಯಾವುದರ ಹಾಗಿದೆ ಅಂತ ಮಕ್ಕಳೇ ಹೇಳಬೇಕು. ಒಂದು ದಿನ ಭತ್ತದ ಕಾಳು. ಇನ್ನೊಂದು ದಿನ ಪೆನ್ಸಿಲ್ ಮೊನೆ. ನಾನು ತಿದ್ದುವುದಿಲ್ಲ.

ಹೋದ ವರ್ಷ ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರ ಮಗ ಒಬ್ಬನಿದ್ದ. ಮೂರು ತಿಂಗಳಾದರೂ ಒಂದು ಮಾತಾಡಿರಲಿಲ್ಲ. ಎಂಟನೇ ಕಲ್ಲಿನ ದಿನ ಬೀಗ ತೆಗೆಯುವಾಗಲೇ ಘಮ್ ಅಂತ ಪರಿಮಳ. ಅವನು ಎಲ್ಲರಿಗಿಂತ ಮೊದಲು ಕೊಂಬೆಯ ಹತ್ತಿರ ಓಡಿದ. ನೋಡಿದ. ವಾಪಸ್ ಬಂದು ನನ್ನ ಸೆರಗು ಎಳೆದ. "ಮೊಗ್ಗು ಇಲ್ಲ" ಅಂದ. ನಾನು ಅಲ್ಲೇ ಕೂತು ಅವನ ಕೈ ಹಿಡಿದುಕೊಂಡೆ. "ಹೌದು ಪುಟ್ಟ, ಮೊಗ್ಗು ಇಲ್ಲ. ಹೂವಾಯ್ತು." "ಹೂವಾಯ್ತು" ಅಂತ ಅವನೂ ಹೇಳಿದ.

ಹೂ ಕೀಳುವ ಹಾಗಿಲ್ಲ. ಮೊದಲ ವರ್ಷ ಮಕ್ಕಳು ಮುಷ್ಟಿ ತುಂಬಾ ಕಿತ್ತಿದ್ದವು. ತೋಟದವರು ಬೇಜಾರು ಮಾಡಿಕೊಂಡರು. "ಟೀಚರೇ, ಒಂದು ಹೂವು ಅಂದ್ರೆ ಒಂದು ಹಣ್ಣು ಕಣ್ರೀ" ಅಂದರು. ಅವರು ಹೇಳಿದ್ದು ಸರಿ, ತಪ್ಪು ನನ್ನದು. ಈಗ ಗಿಡದ ಹತ್ತಿರ ಹೋದರೆ ಎರಡೂ ಕೈ ಬೆನ್ನ ಹಿಂದೆ. ಮೂಗು ಮಾತ್ರ ಮುಂದೆ.

ಕೆಳಗೆ ಉದುರಿದ್ದನ್ನು ಆರಿಸಬಹುದು. ಕಾಫಿ ಹೂವಿನ ಎಸಳು ಬುಡದಲ್ಲಿ ಕೂಡಿಕೊಂಡಿರುವುದರಿಂದ ಇಡಿಯಾಗಿ ಉದುರುತ್ತದೆ, ಎಣಿಸಲು ಸುಲಭ. ಒಬ್ಬಳು ಐದು ಅಂದಳು, ಪಕ್ಕದವನು ಆರು ಅಂದ. ಜಗಳವೇ ಆಯಿತು. ನಾನೂ ಎಣಿಸಿದೆ, ಇಬ್ಬರದ್ದೂ ಸರಿ! ನಮ್ಮ ಹಿತ್ತಲ ಕಡೆಯದ್ದು ರೋಬಸ್ಟಾ ಜಾತಿಯ ಕಾಫಿ, ಅದರಲ್ಲಿ ಐದರಿಂದ ಏಳು ಎಸಳು ಇರುತ್ತವೆ. ಇನ್ನೊಂದು ಜಾತಿ ಅರೇಬಿಕಾದಲ್ಲಿ ಸಾಮಾನ್ಯವಾಗಿ ಐದೇ. ಆಮೇಲೆ ರಸ್ತೆಯಾಚೆಯ ಅರೇಬಿಕಾ ಹೂ ಆರಿಸಿ ತಂದು ಎರಡನ್ನೂ ಪಕ್ಕಪಕ್ಕ ಇಟ್ಟೆವು. ಆ ಒಂದು ಗಂಟೆ ಯಾರೂ ಮನೆಗೆ ಹೋಗುತ್ತೇನೆ ಅನ್ನಲಿಲ್ಲ.

ಮಾಡಿ ನೋಡುವವರಿಗೆ ಎರಡು ಮಾತು. ಹೂವಿಗೆ ಜೇನು ಮುತ್ತುತ್ತದೆ, ಆ ದಿನಗಳಲ್ಲಿ ತೋಟದ ಅಂಚಿನಲ್ಲೇ ನಿಲ್ಲಿ. ಚಗಳಿ ಇರುವೆಯ ಗೂಡು ಇದೆಯಾ ಅಂತ ನೀವೇ ಮೊದಲು ಹೋಗಿ ನೋಡಿ, ಕಚ್ಚಿದರೆ ಮಗು ಮತ್ತೆ ಆ ಕಡೆ ಬರುವುದಿಲ್ಲ. ಔಷಧಿ ಹೊಡೆದ ದಿನ ಬೇಡವೇ ಬೇಡ. ಆನೆ ಇದೆ ಅಂತ ಸುದ್ದಿ ಬಂದರೆ ನಾವು ಅಂಗಳವನ್ನೂ ದಾಟುವುದಿಲ್ಲ.

ಮೂರು ನಾಲ್ಕು ದಿನಕ್ಕೆ ಹೂ ಕಂದುತ್ತದೆ. ಚಿಕ್ಕವರು "ಸತ್ತೋಯ್ತಾ?" ಅಂತ ಕೇಳುತ್ತಾರೆ. ಹೂ ಉದುರಿದ ಜಾಗದಲ್ಲಿ ಸಣ್ಣ ಹಸಿರು ಚುಕ್ಕೆ ತೋರಿಸುತ್ತೇನೆ. ಕೆಂಪು ದಾರ ಬಿಚ್ಚುವುದಿಲ್ಲ. ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಹೋದ ಹುಡುಗಿ ಈಗಲೂ ಸಂಜೆ ಬೇಲಿಯ ಹತ್ತಿರ ನಿಂತು, ಕಾಯಿ ಎಷ್ಟು ದಪ್ಪ ಆಗಿದೆ ಅಂತ ನೋಡಿಕೊಂಡು ಹೋಗುತ್ತಾಳೆ.